ಕಿವಿಗೊಡದ ಜನ, ದೈವಚಿತ್ತ: ಕಥೋಲಿಕ ಪರಂಪರೆಯ ಒಂದು ಹಳೆಯ ಪ್ರಶ್ನೆ

ದೇವರ ಮಾತೆಂದು ನಂಬಿ ಒಬ್ಬರು ಹೇಳುತ್ತಾರೆ, ಕೇಳಬೇಕಾದವರು ಕೇಳುವುದಿಲ್ಲ. ಹೇಳಿದವರ ಪಾಡೇನು, ಹೇಳಿಸಿದ ದೇವರ ಉದ್ದೇಶ ಏನಾಯಿತು ಎಂಬ ಎರಡು ಪ್ರಶ್ನೆಗಳು ಅಲ್ಲಿ ಹುಟ್ಟುತ್ತವೆ. ಬೈಬಲಿನ ಪ್ರವಾದಿಗಳಿಂದ ಹಿಡಿದು, ಮಗ ಪೂಜೆಗೆ ಬರುವುದಿಲ್ಲವೆಂದು ಕೊರಗುವ ಇಂದಿನ ತಾಯಿಯವರೆಗೆ ಕಥೋಲಿಕ ಪರಂಪರೆ ಈ ಪ್ರಶ್ನೆಗಳ ಜೊತೆಗೇ ಬಾಳಿದೆ. ಪರಂಪರೆಯ ಉತ್ತರವನ್ನು 'ಇಂದಲ್ಲ ನಾಳೆ ಕೇಳುತ್ತಾರೆ, ದೇವರನ್ನು ನಂಬು' ಎಂದು ಹಗುರ ಮಾಡಿ ಹೇಳುವುದುಂಟು. ಮೂಲಗಳನ್ನು ತೆರೆದು ನೋಡಿದರೆ ಆ ಮಾತು ಅಷ್ಟು ಸಲೀಸಾಗಿ ಎಲ್ಲಿಯೂ ಸಿಗುವುದಿಲ್ಲ. ಎಷ್ಟೋ ಸಲ ಜನ ಕೊನೆಗೂ ಕೇಳಲಿಲ್ಲ. ಕೆಲವು ಸಲ ಹೇಳಿದವರಲ್ಲೇ ತಪ್ಪಿತ್ತು.

ಕನ್ನಡ ಕ್ರೈಸ್ತರ ಬಾಯಲ್ಲಿ ಇದಕ್ಕೆ ಹೊಂದುವ ಪದ 'ದೈವಚಿತ್ತ'. ಕಾಯಿಲೆಗೂ ಸಾವಿಗೂ ಮುರಿದುಬಿದ್ದ ಸಂಬಂಧಕ್ಕೂ ದೈವಚಿತ್ತವೆಂದು ಹೇಳಿ ನಿಟ್ಟುಸಿರು ಬಿಡುವ ರೂಢಿಯಿದೆ. ದೇವಶಾಸ್ತ್ರದಲ್ಲಿ ಆ ಪದ ಅಷ್ಟು ಸೋತ ದನಿಯದಲ್ಲ. 1992ರಲ್ಲಿ ಪ್ರಕಟವಾದ ಧರ್ಮಸಭೆಯ ಧರ್ಮೋಪದೇಶ ಗ್ರಂಥ 302ರಿಂದ 314ರವರೆಗಿನ ಪರಿಚ್ಛೇದಗಳಲ್ಲಿ ದೈವಪರಿಪಾಲನೆಯನ್ನು ವಿವರಿಸುತ್ತದೆ. ಅದರ ಪ್ರಕಾರ ಸೃಷ್ಟಿ ಇನ್ನೂ ಮುಗಿದಿಲ್ಲ, ಗುರಿಯತ್ತ ನಡೆಯುತ್ತಿದೆ. ಅದನ್ನು ನಡೆಸುವ ದೇವರು ಮನುಷ್ಯರ ಸ್ವಂತ ಕ್ರಿಯೆಗಳ ಮೂಲಕವೇ ನಡೆಸುತ್ತಾರೆ. ಕೆಡುಕನ್ನು ಅವರು ಬಯಸುವುದಿಲ್ಲ, ಆಗಗೊಡುತ್ತಾರೆ, ಅದರಿಂದಲೂ ಒಳಿತನ್ನು ತೆಗೆಯಬಲ್ಲರು. ಹಾಗಾಗಿ ಒಬ್ಬನು ಕೇಳದೆ ಹೋದದ್ದನ್ನೇ ದೈವಚಿತ್ತವೆನ್ನುವುದು ಕಥೋಲಿಕ ಬೋಧನೆಯಲ್ಲ. ಅವನು ಕೇಳದಿದ್ದರೂ ದೈವಚಿತ್ತ ಕೈಸೋಲುವುದಿಲ್ಲ ಎನ್ನುವುದು ಬೋಧನೆ. ಎರಡಕ್ಕೂ ನಡುವೆ ಬಹಳ ಅಂತರವಿದೆ.

ಯೆರೆಮೀಯ

ಈ ವಿಷಯದಲ್ಲಿ ಮೊದಲು ನೆನಪಾಗಬೇಕಾದ ಹೆಸರು ಯೆರೆಮೀಯ. ಜೆರುಸಲೇಮಿನಿಂದ ನಾಲ್ಕೈದು ಕಿಲೋಮೀಟರ್ ದೂರದ ಅನಾತೋತ್ ಎಂಬ ಹಳ್ಳಿಯವನು, ಯಾಜಕರ ಮನೆತನದವನು. ಕ್ರಿ.ಪೂ. 627ರ ಸುಮಾರಿಗೆ ದೇವರ ಕರೆ ಬಂದಾಗ ತಾನಿನ್ನೂ ಚಿಕ್ಕವನು, ಮಾತು ಬಾರದವನು ಎಂದು ತಪ್ಪಿಸಿಕೊಳ್ಳಲು ನೋಡಿದ. ಅಲ್ಲಿಂದ ಸುಮಾರು 40 ವರ್ಷ, ಬಾಬಿಲೋನಿಯದ ಸೈನ್ಯ ಕ್ರಿ.ಪೂ. 587ರಲ್ಲಿ ನಗರವನ್ನು ಸುಟ್ಟು ಕೆಡಹುವವರೆಗೂ, ದೇವರ ಕಡೆ ತಿರುಗದಿದ್ದರೆ ನಾಡು ಹಾಳಾಗುತ್ತದೆ ಎಂಬ ಒಂದೇ ಎಚ್ಚರಿಕೆ ಹೇಳಿದ. ನಡುವೆ ಒಂದು ಕಡೆ ಅವನೇ ಲೆಕ್ಕ ಹಾಕುತ್ತಾನೆ: 23 ವರ್ಷ ಬಿಡದೆ ಹೇಳಿದ್ದೇನೆ, ನೀವು ಕೇಳಿಲ್ಲ. ಅವನನ್ನು ಮುಗಿಸಲು ಮೊದಲು ಸಂಚು ಹೂಡಿದವರು ಅವನ ಊರಿನವರೇ.

ಅವನ ಪುಸ್ತಕದ 36ನೆಯ ಅಧ್ಯಾಯದಲ್ಲಿ ಒಂದು ಚಳಿಗಾಲದ ದೃಶ್ಯವಿದೆ. ಯೆರೆಮೀಯ ಹೇಳಿ ಬರೆಸಿದ ಸುರುಳಿಯನ್ನು ಬಾರೂಕನೆಂಬ ಲಿಪಿಕಾರ ದೇವಾಲಯದಲ್ಲಿ ಓದಿದ್ದಾನೆ. ಸುದ್ದಿ ಅರಮನೆಗೆ ಹೋಗಿದೆ. ರಾಜ ಯೆಹೋಯಾಕೀಮ ಚಳಿಗಾಲದ ಮನೆಯಲ್ಲಿ ಅಗ್ಗಿಷ್ಟಿಕೆಯ ಮುಂದೆ ಕೂತಿದ್ದಾನೆ. ಯೆಹೂದಿ ಎಂಬ ಅಧಿಕಾರಿ ಸುರುಳಿ ಬಿಚ್ಚಿ ಓದತೊಡಗುತ್ತಾನೆ. ಮೂರು ನಾಲ್ಕು ಅಂಕಣ ಓದಿ ಮುಗಿದಂತೆಲ್ಲ ರಾಜ ಲಿಪಿಕಾರರ ಚಾಕು ತೆಗೆದುಕೊಂಡು ಅಷ್ಟನ್ನು ಕತ್ತರಿಸಿ ಬೆಂಕಿಗೆ ಹಾಕುತ್ತಾನೆ. ಮೂವರು ಬೇಡವೆಂದು ಅಂಗಲಾಚುತ್ತಾರೆ. ಸುರುಳಿ ಪೂರ್ತಿ ಬೂದಿಯಾಗುತ್ತದೆ. ರಾಜ ಸಿಟ್ಟಿನಿಂದ ಒಂದೇ ಸಲಕ್ಕೆ ಎಸೆದುಬಿಡಲಿಲ್ಲ ಎಂಬುದನ್ನು ಗಮನಿಸಬೇಕು. ಒಂದೊಂದು ಅಕ್ಷರವನ್ನೂ ಕೇಳಿಸಿಕೊಂಡೇ ಸುಟ್ಟ. ಕಿವಿಗೆ ಬೀಳುವುದು ಬೇರೆ, ಕಿವಿಗೊಡುವುದು ಬೇರೆ ಎಂದು ತಿಳಿಯಲು ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ. ಆಮೇಲೆ ಯೆರೆಮೀಯ ಇನ್ನೊಂದು ಸುರುಳಿ ತರಿಸಿ ಬಾರೂಕನಿಂದ ಅದೆಲ್ಲವನ್ನೂ ಮತ್ತೆ ಬರೆಸುತ್ತಾನೆ, ಇನ್ನಷ್ಟನ್ನು ಸೇರಿಸುತ್ತಾನೆ.

ಮುಂದೆ ಮುತ್ತಿಗೆಯ ಕಾಲದಲ್ಲಿ ಅವನನ್ನು ನೀರಿಲ್ಲದ ತೊಟ್ಟಿಗೆ ಇಳಿಸಿದರು. ಅಲ್ಲಿ ಅವನು ಕೆಸರಿನಲ್ಲಿ ಹೂತುಹೋದ. ಕಾಪಾಡಿದವನು ಅರಮನೆಯಲ್ಲಿ ಕೆಲಸಕ್ಕಿದ್ದ ಎಬೆದ್ಮೆಲೆಕನೆಂಬ ಪರದೇಶದವನು. ಹಗ್ಗ ಕಂಕುಳನ್ನು ಕೊಯ್ಯದಿರಲೆಂದು ಹಳೆಯ ಚಿಂದಿಬಟ್ಟೆಗಳನ್ನು ಮೊದಲು ಕೆಳಗಿಳಿಸಿ, ಅವನ್ನು ತೋಳಿನಡಿ ಇಟ್ಟುಕೊಳ್ಳಲು ಹೇಳಿ, ಮೆಲ್ಲಗೆ ಮೇಲಕ್ಕೆಳೆದ. ಸ್ವಂತ ಜನ ಕೇಳದಿದ್ದಾಗ ಕೇಳಿಸಿಕೊಂಡವನು ಪಟ್ಟಿಯಲ್ಲೇ ಇಲ್ಲದವನು. ಬೈಬಲಿನಲ್ಲಿ ಈ ತಿರುವು ಮತ್ತೆ ಮತ್ತೆ ಬರುತ್ತದೆ.

ಅದೇ ಮುತ್ತಿಗೆಯ ನಡುವೆ ಯೆರೆಮೀಯ ಮಾಡಿದ ಒಂದು ವ್ಯವಹಾರವನ್ನು ಕಥೋಲಿಕ ಉಪದೇಶಕರು ಬಹಳವಾಗಿ ನೆನೆಯುತ್ತಾರೆ. ದೊಡ್ಡಪ್ಪನ ಮಗನೋ ಚಿಕ್ಕಪ್ಪನ ಮಗನೋ ಆದ ಹನಮೇಲನಿಂದ ಅನಾತೋತಿನ ಹೊಲವನ್ನು 17 ಶೆಕೆಲ್ ಬೆಳ್ಳಿಗೆ ಕೊಂಡ. ಬೆಳ್ಳಿ ತೂಗಿ ಕೊಟ್ಟು, ಕ್ರಯಪತ್ರಕ್ಕೆ ಮುದ್ರೆ ಒತ್ತಿಸಿ, ಸಾಕ್ಷಿ ಹಾಕಿಸಿ, ಅದನ್ನು ಬಹುಕಾಲ ಉಳಿಯಲೆಂದು ಮಣ್ಣಿನ ಗಡಿಗೆಯಲ್ಲಿ ಇಡಿಸಿದ. ಇನ್ನೇನು ಶತ್ರುವಿನ ಪಾಲಾಗಲಿರುವ ಹೊಲ. ಈ ನೆಲದಲ್ಲಿ ಮತ್ತೆ ಕೊಡುಕೊಳ್ಳುವಿಕೆ ನಡೆಯುತ್ತದೆ ಎಂಬ ದೇವರ ಮಾತಿಗೆ ಅವನು ಹಾಕಿದ ಸಹಿ ಅದು. ಮಾತು ಯಾರಿಗೂ ಬೇಡವಾದಾಗ ಭರವಸೆಗೆ ಉಳಿದದ್ದು ನೋಂದಣಿಯ ದಾರಿ.

ಹಾಗೆಂದು ಅವನು ಶಾಂತಮೂರ್ತಿಯಾಗಿರಲಿಲ್ಲ. ದೇವರು ತನ್ನನ್ನು ಮರುಳು ಮಾಡಿ ನಗೆಪಾಟಲಿಗೆ ಈಡುಮಾಡಿದರು ಎಂದು ಮುಖಕ್ಕೆ ಹೊಡೆದಂತೆ ಹೇಳಿದ. ಹುಟ್ಟಿದ ದಿನವನ್ನು ಶಪಿಸಿದ. ಇನ್ನು ಬಾಯಿ ತೆರೆಯುವುದಿಲ್ಲವೆಂದುಕೊಂಡರೆ ಎಲುಬಿನೊಳಗೆ ಬೆಂಕಿ ಕೂಡಿಟ್ಟಂತಾಗುತ್ತದೆ ಎಂದ. ದೈವಚಿತ್ತಕ್ಕೆ ತಲೆಬಾಗುವುದೆಂದರೆ ಗೊಣಗದೆ ಇರುವುದು ಎಂದು ತಿಳಿದ ಭಕ್ತರಿಗೆ ಈ ಭಾಗಗಳು ಇರಿಸುಮುರಿಸು ಮಾಡುತ್ತವೆ. ಧರ್ಮಸಭೆ ಅವನ್ನು ದೇವರ ವಾಕ್ಯವೆಂದೇ ಪೂಜೆಯಲ್ಲಿ ಓದಿಸುತ್ತದೆ.

ಕೊನೆಗೆ ಅವನ ಜನ ಅವನಿಗೆ ಮನಸ್ಸಿಲ್ಲದಿದ್ದರೂ ಅವನನ್ನು ಈಜಿಪ್ಟಿಗೆ ಎಳೆದುಕೊಂಡು ಹೋದರು. ಅಲ್ಲಿಯೂ ಹೇಳಿದ, ಅಲ್ಲಿಯೂ, ನಿನ್ನ ಮಾತು ಕೇಳುವುದಿಲ್ಲವೆಂದು ನೇರವಾಗಿ ಉತ್ತರ ಕೊಟ್ಟರು. ಅವನ ಸಾವನ್ನು ಬೈಬಲ್ ಹೇಳುವುದಿಲ್ಲ. ಹೊಸ ಒಡಂಬಡಿಕೆಯೊಂದು ಬರಲಿದೆ, ಅದು ಹೃದಯದ ಮೇಲೆ ಬರೆದಿರುತ್ತದೆ ಎಂದು ಅವನು ನುಡಿದದ್ದನ್ನು ಕ್ರೈಸ್ತರು ಯೇಸುವಿನ ಕಡೆಯ ಭೋಜನದಲ್ಲಿ ನೆರವೇರಿತೆಂದು ಕಾಣುತ್ತಾರೆ. ನಡುವೆ ಆರು ಶತಮಾನಗಳು ಕಳೆದಿದ್ದವು.

ಉಳಿದ ಪ್ರವಾದಿಗಳನ್ನು ಚುಟುಕಾಗಿ ನೋಡಬಹುದು. ಯೆಶಾಯನಿಗೆ ಕರೆಯ ದಿನವೇ ಜನ ಕೇಳಿಯೂ ಗ್ರಹಿಸುವುದಿಲ್ಲವೆಂಬ ಮುನ್ನುಡಿ ಸಿಕ್ಕಿತು. ನಾಲ್ಕೂ ಶುಭಸಂದೇಶಗಳು ಆ ಮಾತನ್ನು ನೆನೆಯುತ್ತವೆ. ಯೆಜೆಕಿಯೇಲನಿಗೆ ದೇವರು ಕೊಟ್ಟದ್ದು ಕಾವಲುಗಾರನ ಕೆಲಸ: ಕೂಗಿ ಎಚ್ಚರಿಸದಿದ್ದರೆ ಅವನ ಹೊಣೆ, ಎಚ್ಚರಿಸಿದ ಮೇಲೂ ಕೇಳದಿದ್ದರೆ ಅವರ ಹೊಣೆ. ಇನ್ನೊಂದು ಕಡೆ ಅವನಿಗೆ ಹೆಚ್ಚು ಕಹಿಯಾದ ಮಾತು ಬರುತ್ತದೆ. ಜನ ಗುಂಪುಗೂಡಿ ಬರುತ್ತಾರೆ, ಇಂಪಾದ ಹಾಡು ಕೇಳುವಂತೆ ಕೇಳುತ್ತಾರೆ, ಎದ್ದು ಹೋಗುತ್ತಾರೆ. ಸಭೆ ತುಂಬಿದ್ದರೆ ಮಾತು ಮುಟ್ಟಿತೆಂದು ತಿಳಿಯುವ ಉಪನ್ಯಾಸಕರು ಇದನ್ನು ಓದಿಕೊಳ್ಳಬಹುದು. ಯೋನನ ಕಥೆ ಇವೆಲ್ಲಕ್ಕೂ ತಲೆಕೆಳಗು. ನಿನೆವೆ ಪಟ್ಟಣ ಒಂದೇ ಸಲಕ್ಕೆ ಕೇಳಿಬಿಟ್ಟಿತು, ಮುನಿಸಿಕೊಂಡವನು ಪ್ರವಾದಿ.

ನಜರೇತಿನಿಂದ ರೋಮಿನವರೆಗೆ

ಯೇಸುವಿನ ಸ್ವಂತ ಊರು ನಜರೇತ್ ಅವರನ್ನು ಒಪ್ಪಲಿಲ್ಲ. ಕೆಲವು ರೋಗಿಗಳನ್ನು ಮುಟ್ಟಿ ಗುಣಪಡಿಸಿದ್ದನ್ನು ಬಿಟ್ಟರೆ ಅಲ್ಲಿ ಬೇರೆ ಯಾವ ಮಹತ್ಕಾರ್ಯ ಮಾಡಲೂ ಅವರಿಂದ ಆಗಲಿಲ್ಲವೆಂದು ಮಾರ್ಕನು ಮುಚ್ಚುಮರೆಯಿಲ್ಲದೆ ಬರೆಯುತ್ತಾನೆ. ಯೊವಾನ್ನನ ಶುಭಸಂದೇಶದ 6ನೆಯ ಅಧ್ಯಾಯದಲ್ಲಿ, ತಾನೇ ಜೀವದ ರೊಟ್ಟಿ ಎಂಬ ಬೋಧನೆ ಗಂಟಲಿಗಿಳಿಯದೆ ಅನೇಕ ಶಿಷ್ಯರು ಬಿಟ್ಟುಹೋಗುತ್ತಾರೆ. ಯೇಸು ಅವರ ಹಿಂದೆ ಓಡಿ ಮಾತನ್ನು ಸಡಿಲಿಸುವುದಿಲ್ಲ. ಉಳಿದ ಹನ್ನೆರಡು ಮಂದಿಯತ್ತ ತಿರುಗಿ, ನೀವೂ ಹೋಗುತ್ತೀರಾ ಎಂದು ಕೇಳುತ್ತಾರೆ. ಸಮಾರಿಯದ ಹಳ್ಳಿಯೊಂದು ತಂಗಲು ಜಾಗ ಕೊಡದಿದ್ದಾಗ ಯಕೋಬ ಮತ್ತು ಯೊವಾನ್ನ ಆಕಾಶದಿಂದ ಬೆಂಕಿ ಬರಿಸೋಣವೇ ಎನ್ನುತ್ತಾರೆ. ಯೇಸು ಅವರನ್ನೇ ಗದರಿಸಿ ಬೇರೆ ಹಳ್ಳಿಗೆ ನಡೆಯುತ್ತಾರೆ. ಶಿಷ್ಯರಿಗೆ ಅವರು ಕಲಿಸಿದ್ದು ಕಾಲಿನ ಧೂಳು ಕೊಡವಿ ಮುಂದೆ ಹೋಗುವುದನ್ನು. ಧೂಳು ಕೊಡವುವುದನ್ನು ಹಲವರು ಶಾಪವೆಂದು ಓದುತ್ತಾರೆ. ಬೇಡವೆಂದವರ ಊರಿನ ಧೂಳನ್ನು ಕೂಡ ಕೊಂಡೊಯ್ಯಬೇಡಿ, ಕಹಿಯನ್ನು ಅಲ್ಲೇ ಬಿಡಿ ಎಂಬ ಓದಿಗೂ ಅಲ್ಲಿ ಜಾಗವಿದೆ. ಜೆರುಸಲೇಮನ್ನು ಕಂಡು ಅವರು ಅತ್ತದ್ದನ್ನು ಲೂಕ ದಾಖಲಿಸುತ್ತಾನೆ.

ಬಿತ್ತುವವನ ಸಾಮತಿ ಇದೇ ಪ್ರಶ್ನೆಗೆ ಕೊಟ್ಟ ರೈತಾಪಿ ಉತ್ತರ. ಬೀಜದ ಒಂದು ಪಾಲು ದಾರಿಗೆ, ಒಂದು ಪಾಲು ಕಲ್ಲಿಗೆ, ಒಂದು ಪಾಲು ಮುಳ್ಳಿಗೆ ಬೀಳುತ್ತದೆ. ಒಳ್ಳೆಯ ನೆಲದಲ್ಲಿ ಮೂವತ್ತು, ಅರವತ್ತು, ನೂರರಷ್ಟಾಗುತ್ತದೆ. ಕೂರಿಗೆ ಹಿಡಿದ ನಮ್ಮ ರೈತ ಬೀಜವನ್ನು ಹೀಗೆ ದಾರಿಯ ಮೇಲೆಲ್ಲ ಚೆಲ್ಲುವವನಲ್ಲ. ಕಥೆಯ ಬಿತ್ತುವವನು ನೆಲ ನೋಡದೆ ಚೆಲ್ಲುತ್ತಾನೆ ಎಂಬುದೇ ಅದರ ಸಾರ.

ಪೌಲ ತನ್ನ ಜನರಾದ ಯೆಹೂದ್ಯರು ಯೇಸುವನ್ನು ಒಪ್ಪದಿದ್ದುದಕ್ಕೆ ರೋಮನರಿಗೆ ಬರೆದ ಪತ್ರದ 9ರಿಂದ 11ನೆಯ ಅಧ್ಯಾಯಗಳಲ್ಲಿ ಒದ್ದಾಡುತ್ತಾನೆ. ದೇವರು ಅವರನ್ನು ತಳ್ಳಿಬಿಟ್ಟರೇ? ಖಂಡಿತ ಇಲ್ಲ, ದೇವರು ಕೊಟ್ಟ ವರ ಮತ್ತು ಕರೆಯನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ ಎನ್ನುತ್ತಾನೆ. ಮುಂದಿನ ಕ್ರೈಸ್ತ ಇತಿಹಾಸ ಈ ಉತ್ತರವನ್ನು ಬಹುಮಟ್ಟಿಗೆ ಮರೆಯಿತು. 'ಕೇಳದ ಜನ' ಎಂಬ ಹಣೆಪಟ್ಟಿಯನ್ನು ಯೆಹೂದ್ಯರಿಗೆ ಅಂಟಿಸಿ ಶತಮಾನಗಟ್ಟಲೆ ಅವಮಾನ, ಗಡೀಪಾರು, ಹಿಂಸೆ ನಡೆಯಿತು. ಶುಭ ಶುಕ್ರವಾರದ ಪ್ರಾರ್ಥನೆಯಲ್ಲಿ ಅವರನ್ನು ನಂಬಿಕೆಗೆಟ್ಟವರೆನ್ನುತ್ತಿದ್ದ ಪದವನ್ನು ಪೋಪ್ 23ನೆಯ ಜಾನ್ ತೆಗೆಸಿದ್ದು 1959ರಲ್ಲಿ. 1965ರ ಅಕ್ಟೋಬರ್ 28ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ಹೊರಡಿಸಿದ 'ನೋಸ್ತ್ರ ಎತಾತೆ' ಘೋಷಣೆ ಪೌಲನ ಆ ಅಧ್ಯಾಯಗಳಿಗೆ ಮರಳಿತು. ಈ ವಿಷಯ ಬರೆಯುವ ಯಾವ ಕಥೋಲಿಕ ಲೇಖಕರೂ ಈ ಪುಟವನ್ನು ಹಾರಿಸಿ ಹೋಗುವಂತಿಲ್ಲ. ತನ್ನ ಮಾತು ಕೇಳದವನನ್ನು ದೇವರ ಮಾತು ಕೇಳದವನೆಂದು ಸಾರುವುದು ಎಷ್ಟು ಸುಲಭ, ಅದರ ಬೆಲೆ ಎಷ್ಟು ಎಂಬುದು ಅಲ್ಲಿ ಗೊತ್ತಾಗುತ್ತದೆ.

ತಾಯಿ ಮೋನಿಕ

ಮನೆಮಟ್ಟದಲ್ಲಿ ಈ ಪ್ರಶ್ನೆಗೆ ಮುಖವಾದವರು ಸಂತ ಮೋನಿಕ. ಈಗಿನ ಆಲ್ಜೀರಿಯದ ತಾಗಸ್ತೆ ಊರಿನವರು. ಮಗ ಅಗುಸ್ತೀನ 354ರಲ್ಲಿ ಹುಟ್ಟಿದ. ಓದಿನಲ್ಲಿ ಚುರುಕು, ನಡತೆಯಲ್ಲಿ ಲಂಗುಲಗಾಮಿಲ್ಲ, ಸುಮಾರು ಒಂಬತ್ತು ವರ್ಷ ಮಾನಿ ಎಂಬವನು ಹುಟ್ಟುಹಾಕಿದ ಪಂಥದವರ ಜೊತೆ ಇದ್ದ. ತಾಯಿ ಹೇಳಿದರು, ಅತ್ತರು, ಒಂದು ಹಂತದಲ್ಲಿ ಮನೆಗೆ ಸೇರಿಸಲಿಲ್ಲ. ಧರ್ಮಾಧ್ಯಕ್ಷರೊಬ್ಬರ ಹತ್ತಿರ ಹೋಗಿ, ಮಗನ ಜೊತೆ ವಾದ ಮಾಡಿ ತಿದ್ದಿ ಎಂದು ದುಂಬಾಲುಬಿದ್ದರು. ಅವರು ಒಪ್ಪಲಿಲ್ಲ. ಅವನು ಈಗ ಕಲಿಯುವ ಸ್ಥಿತಿಯಲ್ಲಿಲ್ಲ, ಬಿಟ್ಟುಬಿಡಿ, ಪ್ರಾರ್ಥಿಸಿ, ಓದುತ್ತ ಓದುತ್ತ ತಾನೇ ತಿಳಿದುಕೊಳ್ಳುತ್ತಾನೆ ಎಂದರು. ಆ ಧರ್ಮಾಧ್ಯಕ್ಷರು ಸ್ವತಃ ಅದೇ ಪಂಥದಲ್ಲಿ ಬೆಳೆದು ಹೊರಬಂದವರು. ಮೋನಿಕ ಬಿಡಲಿಲ್ಲ, ಬೇಸತ್ತ ಅವರು, ಇಷ್ಟು ಕಣ್ಣೀರಿನ ಮಗ ಹಾಳಾಗುವುದು ಸಾಧ್ಯವಿಲ್ಲ, ಹೋಗಿಬನ್ನಿ ಎಂಬರ್ಥದ ಮಾತಾಡಿ ಕಳಿಸಿದರು. ಇಂದು ಪ್ರಾರ್ಥನಾ ಚೀಟಿಗಳ ಮೇಲೆಲ್ಲ ಅಚ್ಚಾಗುವ ಆ ಮಾತು ಹುಟ್ಟಿದ್ದು ಅರ್ಧ ಬೇಸರದಲ್ಲಿ ಎಂಬುದು ಅಗುಸ್ತೀನರ ಆತ್ಮನಿವೇದನೆಯನ್ನು ಓದಿದವರಿಗೆ ಗೊತ್ತು.

383ರಲ್ಲಿ ಅಗುಸ್ತೀನ ಕಾರ್ತೇಜಿನಿಂದ ರೋಮಿಗೆ ಹೊರಟ. ತಾಯಿ ಬಿಡುವುದಿಲ್ಲವೆಂದು ತಿಳಿದು ಸುಳ್ಳು ಹೇಳಿದ: ಸ್ನೇಹಿತನನ್ನು ಬೀಳ್ಕೊಡಬೇಕು, ಗಾಳಿ ಬರುವವರೆಗೆ ಅವನ ಜೊತೆ ಇರುತ್ತೇನೆ. ಆಕೆ ಹಡಗಿನ ಹತ್ತಿರವೇ ಇದ್ದ ಸಂತ ಸಿಪ್ರಿಯಾನರ ಗುಡಿಯಲ್ಲಿ ರಾತ್ರಿಯೆಲ್ಲ ಪ್ರಾರ್ಥಿಸಿದರು, ಮಗ ಹೋಗದಿರಲಿ ಎಂದು. ಬೆಳಗಾಗುವಷ್ಟರಲ್ಲಿ ಹಡಗು ಹೊರಟಿತ್ತು. ಆ ರಾತ್ರಿ ಆಕೆ ಬೇಡಿದ್ದನ್ನು ದೇವರು ಕೊಡಲಿಲ್ಲ, ಯಾವಾಗಲೂ ಬೇಡುತ್ತಿದ್ದುದನ್ನು ಕೊಡುವುದಕ್ಕಾಗಿಯೇ ಕೊಡಲಿಲ್ಲ ಎಂದು ಮಗ ಮುಂದೆ ಬರೆದರು. ಇಟಲಿಯ ಮಿಲಾನಿನಲ್ಲಿ ಧರ್ಮಾಧ್ಯಕ್ಷ ಅಂಬ್ರೋಸರ ಉಪದೇಶ ಅವರನ್ನು ತಿರುಗಿಸಿತು. 387ರ ಪಾಸ್ಕ ಜಾಗರಣೆಯಂದು ದೀಕ್ಷಾಸ್ನಾನವಾಯಿತು. ಅದೇ ವರ್ಷ ಓಸ್ತಿಯ ಬಂದರಿನಲ್ಲಿ ಮೋನಿಕ 55ನೆಯ ವಯಸ್ಸಿಗೆ ತೀರಿಕೊಂಡರು. ಅವರ ಹಬ್ಬ ಆಗಸ್ಟ್ 27, ಮಗನದು ಮರುದಿನ.

ಈ ಕಥೆ ಚೆನ್ನಾಗಿ ಮುಗಿದದ್ದರಿಂದಲೇ ಇದರ ಬಳಕೆಯಲ್ಲಿ ತೊಂದರೆಯಿದೆ. ಮೋನಿಕರಂತೆ ಅತ್ತರೆ ಮಗ ಅಗುಸ್ತೀನನಾಗುತ್ತಾನೆ ಎಂಬ ಲೆಕ್ಕ ಇದರಿಂದ ಹುಟ್ಟುತ್ತದೆ. ಮಗ ಬಾರದಿದ್ದರೆ ತನ್ನ ಕಣ್ಣೀರು ಸಾಲದಾಯಿತೆಂದು ತಾಯಿ ಇನ್ನೊಂದು ಭಾರ ಹೊರುತ್ತಾಳೆ. 'ಫಾದರ್, ನಾನು ಎಷ್ಟು ನವೇನಾ ಮಾಡಿದ್ರೂ ಅವನು ಚರ್ಚಿನ ಕಡೆ ತಲೆ ಹಾಕಲ್ಲ, ನನ್ನ ಪ್ರಾರ್ಥನೇಲೇ ಏನೋ ಕೊರತೆ ಇರ್ಬೇಕು' ಎಂಬ ಮಾತನ್ನು ಪಾಪನಿವೇದನೆಯ ಪೀಠದ ಆಚೆ ಕೂತ ಗುರುಗಳು ಎಷ್ಟು ಸಲ ಕೇಳಿರುತ್ತಾರೋ. ಧರ್ಮಸಭೆಯ ಬೋಧನೆ ಈ ಲೆಕ್ಕವನ್ನು ಒಪ್ಪುವುದಿಲ್ಲ. ಪ್ರಾರ್ಥನೆ ಇನ್ನೊಬ್ಬರ ಇಚ್ಛೆಯ ಮೇಲೆ ಹಾಕುವ ಹಗ್ಗವಲ್ಲ.

ತಿದ್ದಿ ಹೇಳುವುದಕ್ಕೂ ಒಂದು ಎಲ್ಲೆಯಿದೆ. ಮತ್ತಾಯನ 18ನೆಯ ಅಧ್ಯಾಯ ಮೊದಲು ಒಬ್ಬರೇ ಹೋಗಿ ಹೇಳಿ, ಆಮೇಲೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಿ, ಕೊನೆಗೆ ಸಭೆಗೆ ತಿಳಿಸಿ ಎಂದು ಮೆಟ್ಟಿಲು ಹಾಕಿಕೊಡುತ್ತದೆ. ಹದಿಮೂರನೆಯ ಶತಮಾನದ ಸಂತ ಥೋಮಸ್ ಅಕ್ವಿನಾಸ್ ಇನ್ನೂ ಮುಂದೆ ಹೋಗಿ, ಹೇಳಿದರೆ ಆ ಮನುಷ್ಯ ಇನ್ನಷ್ಟು ಕೆಡುತ್ತಾನೆಂದು ತೋರಿದರೆ ಸೋದರ ಪ್ರೀತಿಯಿಂದ ತಿದ್ದುವವನು ಸುಮ್ಮನಿರಬೇಕು ಎನ್ನುತ್ತಾರೆ. ತಿದ್ದುವುದರ ಉದ್ದೇಶ ಆತನ ಒಳಿತು. ಉದ್ದೇಶಕ್ಕೇ ಅಡ್ಡಿಯಾಗುವ ಸಾಧನವನ್ನು ಯಾರೂ ಬಳಸುವುದಿಲ್ಲ ಎಂಬುದು ಅವರ ತರ್ಕ. ಊಟದ ಹೊತ್ತಿನಲ್ಲಿ ಮಕ್ಕಳಿಗೆ ಉಪದೇಶ ಬಡಿಸುವ ಮನೆಗಳಲ್ಲಿ ಈ ಪುಟ ಹೆಚ್ಚು ಪ್ರಚಾರದಲ್ಲಿಲ್ಲ.

ಕೃಪೆಯೋ ಸ್ವಾತಂತ್ರ್ಯವೋ

ದೇವರ ಕೃಪೆ ಎಲ್ಲಕ್ಕೂ ಮೊದಲಾದರೆ, ಒಬ್ಬ ಕೇಳುತ್ತಾನೆ ಇನ್ನೊಬ್ಬ ಕೇಳುವುದಿಲ್ಲ ಏಕೆ? ಕೇಳುವ ಮನಸ್ಸನ್ನೂ ಕೃಪೆಯೇ ಕೊಡುತ್ತದೆ ಎಂದು ಅಗುಸ್ತೀನರು, ಮನುಷ್ಯನ ಸ್ವಂತ ಇಚ್ಛೆಯ ಬಲವನ್ನೇ ಎತ್ತಿಹಿಡಿದ ಪೆಲಾಜಿಯಸನ ವಿರುದ್ಧ ವಾದಿಸಿದರು. 529ರ ಒರಾಂಜ್ ಸಭೆ ಅವರ ಪಕ್ಷದ ಮುಖ್ಯಾಂಶಗಳನ್ನು ಎತ್ತಿಹಿಡಿಯಿತು. 1547ರಲ್ಲಿ ಟ್ರೆಂಟ್ ಮಹಾಸಭೆ ಇನ್ನೊಂದು ಬದಿಯನ್ನು ಭದ್ರಪಡಿಸಿತು: ದೇವರು ಮುಟ್ಟಿದ ಮನಸ್ಸು ಬಯಸಿದರೆ ಆ ಸ್ಪರ್ಶವನ್ನು ನಿರಾಕರಿಸಬಲ್ಲದು. ಎರಡನ್ನೂ ಒಟ್ಟಿಗೆ ಹಿಡಿಯುವುದು ಹೇಗೆಂದು ದೊಮಿನಿಕನ್ ಸಭೆಯ ಬಾನ್ಯೆಸ್ ಮತ್ತು ಯೇಸುಸಭೆಯ ಮೊಲೀನ ಅವರ ಹಿಂಬಾಲಕರು ರೋಮಿನಲ್ಲಿ ಸುಮಾರು ಹತ್ತು ವರ್ಷ ಕಾದಾಡಿದರು. 1607ರಲ್ಲಿ ಪೋಪ್ 5ನೆಯ ಪೌಲ್ ಎರಡೂ ಕಡೆಯವರನ್ನು ಮನೆಗೆ ಕಳಿಸಿ, ಒಬ್ಬರನ್ನೊಬ್ಬರು ಪಾಷಂಡಿಗಳೆನ್ನಬೇಡಿ, ತೀರ್ಪನ್ನು ತಕ್ಕ ಕಾಲದಲ್ಲಿ ಹೇಳಲಾಗುವುದು ಎಂದರು. ತಕ್ಕ ಕಾಲ ಇನ್ನೂ ಬಂದಿಲ್ಲ.

ಅಗುಸ್ತೀನರ ಬಾಳಿನಲ್ಲಿ ಇನ್ನೊಂದು ಅಧ್ಯಾಯವಿದೆ. ಧರ್ಮಾಧ್ಯಕ್ಷರಾದ ಮೇಲೆ ಅವರು ದೊನಾತಿಸ್ಟರೆಂಬ ಭಿನ್ನಮತದವರೊಡನೆ ಮೊದಲು ವಾದವೇ ಸಾಕೆಂದಿದ್ದರು. ಅವರು ಕೇಳಲಿಲ್ಲ. ಕೊನೆಗೆ ಸಾಮ್ರಾಜ್ಯದ ಕಾನೂನಿನ ಒತ್ತಡವನ್ನು ಸಮರ್ಥಿಸಿದರು. ಔತಣದ ಸಾಮತಿಯಲ್ಲಿ ಯಜಮಾನ ದಾರಿಹೋಕರನ್ನು ಬಲವಂತದಿಂದ ಒಳಕರೆಸಿದ ಮಾತನ್ನು ಆಧಾರವಾಗಿ ತೆಗೆದುಕೊಂಡರು. ಬಿಟ್ಟುಬಿಡಿ, ತಾನೇ ತಿಳಿದುಕೊಳ್ಳುತ್ತಾನೆ ಎಂಬ ಸಲಹೆಯಿಂದ ಉಳಿದುಕೊಂಡ ಮಗ ಅದೇ ಸಲಹೆಯನ್ನು ಇತರರ ಮಟ್ಟಿಗೆ ಬಳಸಲಿಲ್ಲ. ಮಧ್ಯಯುಗದ ದಬ್ಬಾಳಿಕೆಗೆ ಆ ವಾದ ಬೇಕಾದಂತೆ ಒದಗಿತು. 1965ರ ಡಿಸೆಂಬರ್ 7ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ಅಂಗೀಕರಿಸಿದ 'ದಿಗ್ನಿತಾತಿಸ್ ಹುಮಾನೆ' ಈ ದಾರಿಯನ್ನು ಮುಚ್ಚಿತು: ಧರ್ಮದ ವಿಷಯದಲ್ಲಿ ಯಾರನ್ನೂ ಮನಸ್ಸಾಕ್ಷಿಗೆ ವಿರುದ್ಧವಾಗಿ ನಡೆಯಲು ಬಲವಂತಪಡಿಸಕೂಡದು, ಸತ್ಯಕ್ಕೆ ತನ್ನದೇ ಬಲವಲ್ಲದೆ ಬೇರೆ ಬಲ ಬೇಡ. ಅದಕ್ಕೆ ಒಂದು ವರ್ಷ ಮೊದಲು ಬಂದ 'ಲೂಮೆನ್ ಜೆಂತ್ಸಿಯುಂ', ತಮ್ಮ ತಪ್ಪಿಲ್ಲದೆ ಕ್ರಿಸ್ತನನ್ನು ಅರಿಯದೆ ಮನಸ್ಸಾಕ್ಷಿಯಂತೆ ಬಾಳುವವರಿಗೂ ರಕ್ಷಣೆ ಸಿಗಬಹುದೆಂದು ಹೇಳಿತ್ತು.

ಹೇಳುವುದಷ್ಟೇ ನಮ್ಮದು, ಫಲ ನಮ್ಮ ಕೈಯಲ್ಲಿಲ್ಲ ಎಂದಾಗ ಕನ್ನಡ ಓದುಗರಿಗೆ ಗೀತೆಯ ಫಲತ್ಯಾಗ ನೆನಪಾಗುವುದು ಸಹಜ. ಹತ್ತಿರದ ಮಾತೇ. ಆದರೆ ಕಥೋಲಿಕ ಪರಂಪರೆಯಲ್ಲಿ ಫಲದ ಆಸೆಯನ್ನು ಬಿಡುವುದಿಲ್ಲ, ಇನ್ನೊಬ್ಬರ ಕೈಗೆ ಒಪ್ಪಿಸುತ್ತಾರೆ. ಯೆರೆಮೀಯ ಹೊಲದ ಆಸೆ ಬಿಡಲಿಲ್ಲ, ಪತ್ರ ಮಾಡಿಸಿ ಇಟ್ಟ.

ಬಾಗಿಲ ಸಂದಿ, ಗಂಜಾಮು, ಮರಳುಗಾಡು

'ಕೋಣನ ಮುಂದೆ ಕಿನ್ನರಿ' ಎಂಬ ನಮ್ಮ ಗಾದೆ ತಪ್ಪನ್ನೆಲ್ಲ ಕೋಣನ ಮೇಲೆ ಹೊರಿಸುತ್ತದೆ. ಕಿನ್ನರಿ ನುಡಿಸುವವನನ್ನೂ ವಿಚಾರಿಸಬೇಕೆಂದು ತೋರಿಸುವ ಮೂವರು ಫ್ರೆಂಚ್ ಮಾತಿನ ಗುರುಗಳ ಕಥೆ ಹೀಗಿದೆ.

ಮೊದಲನೆಯವರು ಸಂತ ಫ್ರಾನ್ಸಿಸ್ ದಿ ಸೇಲ್ಸ್. 1594ರಲ್ಲಿ, ಕ್ಯಾಲ್ವಿನನ ಮತಕ್ಕೆ ಹೋಗಿದ್ದ ಆಲ್ಪ್ಸ್ ತಪ್ಪಲಿನ ಶಾಬ್ಲೆ ಸೀಮೆಗೆ ಹೋದರು. ತೊನೋನ್ ಪಟ್ಟಣದಲ್ಲಿ ಉಪದೇಶ ಕೇಳಲು ಬಂದವರನ್ನು ಬೆರಳಲ್ಲಿ ಎಣಿಸಬಹುದಿತ್ತು. ಅವರು ತಮ್ಮ ಮಾತನ್ನು ಸಣ್ಣ ಸಣ್ಣ ಹಾಳೆಗಳಲ್ಲಿ ಬರೆದು ಮನೆಗಳ ಬಾಗಿಲ ಸಂದಿಯಿಂದ ಒಳಗೆ ತೂರಿಸತೊಡಗಿದರು. ಎದುರಿಗೆ ಕೂತು ಕೇಳಲು ಊರಿನವರ ಕಣ್ಣಿಗೆ ಹೆದರುವವನು ಕದ ಮುಚ್ಚಿಕೊಂಡು ಓದಬಲ್ಲ. ನಾಲ್ಕು ವರ್ಷಗಳಲ್ಲಿ ಸೀಮೆಯ ಬಹುಪಾಲು ಜನ ಕಥೋಲಿಕರಾದರು. ಅದರಲ್ಲಿ ಸವೋಯ್ ದೊರೆಯ ರಾಜಕೀಯದ ಒತ್ತಡವೂ ಇತ್ತು ಎಂಬುದನ್ನು ಭಕ್ತಿಯ ಜೀವನಚರಿತ್ರೆಗಳು ಮೆಲ್ಲಗೆ ದಾಟಿಬಿಡುತ್ತವೆ. ಆ ಹಾಳೆಗಳ ನೆನಪಿಗೆ 1923ರಲ್ಲಿ ಪೋಪ್ 11ನೆಯ ಪಿಯೂಸ್ ಅವರನ್ನು ಪತ್ರಕರ್ತರ ಪಾಲಕ ಸಂತರನ್ನಾಗಿ ಸಾರಿದರು. ಓದುಗರಿದ್ದಾರೋ ಇಲ್ಲವೋ ತಿಳಿಯದೆ ಬರೆಯುವವರಿಗೆ ತಕ್ಕ ಆಯ್ಕೆ.

ಎರಡನೆಯವರು ನಮ್ಮ ನೆಲದವರೇ ಎನ್ನಬಹುದಾದ ಅಬ್ಬೆ ದ್ಯುಬುವಾ. ಫ್ರಾನ್ಸಿನ ವಿವಿಯೇ ಧರ್ಮಪ್ರಾಂತ್ಯದಲ್ಲಿ 1792ರಲ್ಲಿ ಗುರುದೀಕ್ಷೆ ಪಡೆದು ಅದೇ ವರ್ಷ ಪ್ಯಾರಿಸ್ಸಿನ ವಿದೇಶ ಮಿಷನ್ ಸಂಘದ ಮೂಲಕ ಭಾರತಕ್ಕೆ ಹೊರಟರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಟಿಪ್ಪುವಿನ ಕಾಲದಲ್ಲಿ ಚದುರಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಮೈಸೂರು ಸೀಮೆಗೆ ಬಂದರು. ಇಲ್ಲಿಯ ಉಡುಪು ತೊಟ್ಟರು, ಇಲ್ಲಿಯ ಊಟ ಉಂಡರು, ಜನರಿಗೆ ಸಿಡುಬಿನ ಲಸಿಕೆ ಹಾಕಿಸಲು ಓಡಾಡಿದರು, ಹಾಸನದ ಕಡೆ ಬೇಸಾಯದ ವಸತಿ ಕಟ್ಟಿದರು. ಜನ 'ದೊಡ್ಡ ಸ್ವಾಮಿಯವರು' ಎನ್ನುತ್ತಿದ್ದರು. ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಅವರ ಹೆಸರಿನ ಚರ್ಚು ಇಂದಿಗೂ ಇದೆ. ಹಿಂದೂಗಳ ಆಚಾರ ವಿಚಾರಗಳ ಬಗ್ಗೆ ಅವರು ಕೊಟ್ಟ ಹಸ್ತಪ್ರತಿಯನ್ನು ಮದರಾಸಿನ ಸರಕಾರ 1807ರಲ್ಲಿ ಕೊಂಡುಕೊಂಡಿತು. ಅದರ ಬಹುಭಾಗ ಹಿಂದಿನ ಯೇಸುಸಭೆಯ ಗುರು ಕೂರ್ದೂ ಅವರ ಬರಹದ್ದೆಂದು ಈಚಿನ ವಿದ್ವಾಂಸರು ತೋರಿಸಿದ್ದಾರೆ.

ಮೂವತ್ತು ವರ್ಷಗಳ ಕೊನೆ ಮಾತ್ರ ಕಹಿಯಾಯಿತು. 1823ರಲ್ಲಿ ಭಾರತ ಬಿಟ್ಟರು. ಅದೇ ವರ್ಷ ಲಂಡನ್ನಿನಲ್ಲಿ ಅವರ ಪತ್ರಗಳ ಪುಸ್ತಕ ಬಂತು. ಹಿಂದೂಗಳನ್ನು ಕ್ರೈಸ್ತರನ್ನಾಗಿಸುವುದು ಆಗುವ ಕೆಲಸವಲ್ಲ ಎಂಬುದು ಅದರ ತೀರ್ಮಾನ. ತಮ್ಮ ಪಾಲಿಗೆ ಸಿಕ್ಕವರು ಇನ್ನೂರು ಮುನ್ನೂರು ಮಂದಿ, ಅವರಲ್ಲೂ ಬಹಳ ಜನ ಗಟ್ಟಿಯಲ್ಲ ಎಂದರು. ದೇವರೇ ಈ ಜನರನ್ನು ಕೈಬಿಟ್ಟಿರಬಹುದೇ ಎಂಬವರೆಗೂ ಅವರ ಮಾತು ಹೋಗುತ್ತದೆ. ಪ್ರೊಟೆಸ್ಟಂಟ್ ಮಿಷನರಿಗಳು ಕೆರಳಿ ಖಂಡನೆ ಬರೆದರು. ದ್ಯುಬುವಾ ಸುಳ್ಳು ಹೇಳಲಿಲ್ಲ, ಲೆಕ್ಕವನ್ನು ಉಬ್ಬಿಸಲಿಲ್ಲ; ಅದಕ್ಕಾಗಿ ಅವರಿಗೆ ಗೌರವ ಸಲ್ಲಬೇಕು. ಎಡವಿದ್ದು ತಮ್ಮ ಸೋಲನ್ನು ದೇವರ ತೀರ್ಪೆಂದು ಓದಿದಲ್ಲಿ. ಶ್ರೀರಂಗಪಟ್ಟಣದ ಜನಕ್ಕೆ ತಮ್ಮದೇ ದೇವರು, ತಮ್ಮದೇ ದಾರಿ ಇತ್ತು. ಅದನ್ನು ಬಿಡಲು ಅವರಿಗೆ ಕಾರಣ ಕಾಣಲಿಲ್ಲ ಎಂಬ ಸರಳ ವಿವರಣೆ ದೊಡ್ಡ ಸ್ವಾಮಿಯವರಿಗೆ ಸಾಲಲಿಲ್ಲ. 1848ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡರು.

ಅದೇ ವಿವಿಯೇ ಊರಿನಲ್ಲಿ 1901ರ ಜೂನ್ 9ರಂದು ಗುರುದೀಕ್ಷೆ ಪಡೆದ ಶಾರ್ಲ್ ದ ಫುಕೋ ಮೂರನೆಯವರು. 1858ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಹುಟ್ಟಿ, ವಿಶ್ವಾಸ ಕಳೆದುಕೊಂಡು, ಕುದುರೆ ಸೈನ್ಯದಲ್ಲಿ ಮೋಜು ಮಾಡಿ, ವೇಷ ಮರೆಸಿಕೊಂಡು ಮೊರಾಕ್ಕೊ ಸುತ್ತಿ ಬಂದ ಶ್ರೀಮಂತ. ಮುಸಲ್ಮಾನರ ಪ್ರಾರ್ಥನೆಯ ನಿಷ್ಠೆಯನ್ನು ಕಂಡದ್ದೇ ಅವರನ್ನು ದೇವರ ಕಡೆ ಮತ್ತೆ ತಿರುಗುವಂತೆ ಕಲಕಿತು. 1886ರಲ್ಲಿ ಪ್ಯಾರಿಸ್ಸಿನ ಸಂತ ಅಗುಸ್ತೀನರ ಚರ್ಚಿನಲ್ಲಿ ಪಾಪನಿವೇದನೆ ಮಾಡಿದರು. ಮಠ, ನಜರೇತ್, ಆಮೇಲೆ ಸಹಾರಾ. 1905ರಲ್ಲಿ ತಾಮನ್ರಾಸೆತ್ ಎಂಬ ಇಪ್ಪತ್ತು ಗುಡಿಸಲುಗಳ ಊರಲ್ಲಿ ತುವಾರೆಗ್ ಜನರ ನಡುವೆ ನೆಲೆನಿಂತರು. ಸೋದರರ ಹೊಸ ಸಭೆಯೊಂದಕ್ಕೆ ನಿಯಮ ಬರೆದಿಟ್ಟುಕೊಂಡಿದ್ದರು. ಯಾರೂ ಬಂದು ಉಳಿಯಲಿಲ್ಲ. ತುವಾರೆಗರು ಅವರನ್ನು ಗೌರವಿಸಿದರು, ಕ್ರೈಸ್ತರಾಗಲಿಲ್ಲ. ಅವರ ಫ್ರೆಂಚ್ ದೇಶಾಭಿಮಾನ, ಸೈನ್ಯಾಧಿಕಾರಿಗಳ ಜೊತೆಗಿನ ಒಡನಾಟ ಇಂದಿಗೂ ಟೀಕೆಗೆ ಗುರಿ, ಟೀಕೆಯಲ್ಲಿ ಹುರುಳಿದೆ.

ಪೂಜೆಗೆ ಜೊತೆಗೊಬ್ಬರಾದರೂ ಇರಬೇಕೆಂಬುದು ಅಂದಿನ ನಿಯಮ. 1907ರ ಕ್ರಿಸ್ಮಸ್ ಪೂಜೆಯಿಲ್ಲದೆ ಕಳೆಯಿತು. ಬರಗಾಲ, ಇದ್ದ ಧಾನ್ಯವನ್ನು ಹಸಿದವರಿಗೆ ಹಂಚಿದ್ದರು. 1908ರ ಜನವರಿಯಲ್ಲಿ ಎದ್ದು ಕೂರಲೂ ಆಗದಂತೆ ಹಾಸಿಗೆ ಹಿಡಿದರು. ತುವಾರೆಗರು ನಾಲ್ಕು ಕಿಲೋಮೀಟರ್ ಸುತ್ತಿನಲ್ಲಿ ಹಾಲಿರುವ ಆಡುಗಳನ್ನೆಲ್ಲ ಹುಡುಕಿ, ಒಣಗಿದ ಕೆಚ್ಚಲುಗಳಿಂದ ಹಿಂಡಿ ತಂದು ಕುಡಿಸಿದರು. ಕೊಡಲು ಬಂದವರು ಅಂದು ತೆಗೆದುಕೊಂಡರು. ಅವರ ಜೀವನಚರಿತ್ರೆ ಬರೆದವರು ಹಲವರು ಅದನ್ನೇ ದೊಡ್ಡ ತಿರುವೆಂದು ಗುರುತಿಸುತ್ತಾರೆ. ಒಬ್ಬರಿಂದಾದರೂ ಒಪ್ಪಿಸಬೇಕೆಂಬ ಆತುರ ಆಮೇಲಿನ ಪತ್ರಗಳಲ್ಲಿ ತಗ್ಗುತ್ತದೆ. ತುವಾರೆಗರ ಮಾತು ಕಲಿಯುವುದು, ಪದ ಸೇರಿಸುವುದು ದಿನದ ಬಹುಪಾಲನ್ನು ತುಂಬುತ್ತದೆ.

2022ರ ಮೇ 15ರಂದು ರೋಮಿನಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಸಾರಿದರು. ಫುಕೋ ಕನಸಿದ ಸೋದರರ ಸಭೆ ಹುಟ್ಟಿದ್ದು 1933ರಲ್ಲಿ, ಅವರು ಸತ್ತು 17 ವರ್ಷಗಳಾದ ಮೇಲೆ. 1916ರ ನವೆಂಬರ್ 28ರಂದು ಅವರು ತುವಾರೆಗ್ ಪದ್ಯಗಳ ಶುದ್ಧಪ್ರತಿ ಬರೆದು ಮುಗಿಸಿದ್ದರು. ಡೇರೆಗಳ ಮುಂದೆ ಕೂತು, ಹೆಂಗಸರು ಗಂಡಸರು ಹೇಳಿದ್ದನ್ನು ಕೇಳಿ ಕೇಳಿ ಬರೆದುಕೊಂಡ ಸಾವಿರಾರು ಸಾಲುಗಳು. ಮೂರು ದಿನದ ಮೇಲೆ, ಡಿಸೆಂಬರ್ 1ರ ಸಂಜೆ, ದಾಳಿಗೆ ಬಂದ ಗುಂಪಿನ ಕಾವಲಿನ ಹುಡುಗನೊಬ್ಬ ಗಾಬರಿಯಲ್ಲಿ ಹಾರಿಸಿದ ಗುಂಡಿಗೆ ಅವರು ಬಾಗಿಲ ಹೊರಗೆ ಸತ್ತುಬಿದ್ದರು. ಅವರ ತುವಾರೆಗ್ ನಿಘಂಟು 1951–52ರಲ್ಲಿ ನಾಲ್ಕು ಸಂಪುಟಗಳಾಗಿ ಅಚ್ಚಾಯಿತು.